ಟಿ ಕೋಶ ಎಚ್ಚರಗೊಳ್ಳುವ ಗಳಿಗೆ

ಭಟ್ಕಳ, ಹೊನ್ನಾವರ, ಕುಮಟಾದ ಘಟ್ಟದಂಚಿನ ಊರುಗಳಲ್ಲಿ ದರಕು ಗುಡಿಸುವ ಕಾಲ, ಮಂಗನ ಕಾಯಿಲೆಯ ಕಾಲ ಎರಡೂ ಒಂದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಮುಂದೆ ಉತ್ತರ ಕನ್ನಡಕ್ಕೂ ಹಬ್ಬಿತು. ವೈರಾಣು ಹೊತ್ತ ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ. ರೋಗನಿರೋಧಕ ಕೋಶಗಳ ಲೆಕ್ಕ ಮಾತ್ರ ಸೆಕೆಂಡುಗಳದ್ದು.

ವೈರಾಣುವಿನ ತುಣುಕನ್ನು ಗುರುತಿಸಿದೊಡನೆ, ಅವುಗಳಲ್ಲಿ ಒಂದಾದ ಟಿ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಸುಮ್ಮನಿರುವ ಕೋಶದ ಒಳಗಿನದಕ್ಕಿಂತ ಹೊರಗೆ ಕ್ಯಾಲ್ಸಿಯಂ ಸುಮಾರು 10,000 ಪಟ್ಟು ಹೆಚ್ಚು. ಗೇರುಸೊಪ್ಪೆ ಅಣೆಕಟ್ಟಿನ ಹಿಂದೆ ನಿಂತ ಶರಾವತಿಯಂತೆ. ಮೊದಲು ಕೋಶದೊಳಗಿನ ಪುಟ್ಟ ಕ್ಯಾಲ್ಸಿಯಂ ದಾಸ್ತಾನು ಖಾಲಿಯಾಗುತ್ತದೆ. ಅದನ್ನು ಗ್ರಹಿಸಿದ ಸ್ಟಿಮ್-1 ಪ್ರೋಟೀನು ಕೋಶಪೊರೆಯ ಒರಾಯ್-1 ಬಾಗಿಲನ್ನು ತೆರೆಸುತ್ತದೆ. ಒಳನುಗ್ಗಿದ ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಹೋರಾಟದ ಜೀನುಗಳು ಚಾಲೂ ಆಗುತ್ತವೆ. ಕಿಡ್ನಿ ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್ ತಡೆಯುವುದು ಇದೇ ಕಿಣ್ವವನ್ನು. ಒರಾಯ್ ಅನ್ನು 2006ರಲ್ಲಿ ಗುರುತಿಸಿದವರಲ್ಲಿ ಭಾರತ ಮೂಲದ ಅಂಜನಾ ರಾವ್ ಅವರ ತಂಡವೂ ಒಂದು. ಆ ಬಾಗಿಲು ಕೆಟ್ಟು ಹುಟ್ಟಿದ ಶಿಶುಗಳಲ್ಲಿ ಟಿ ಕೋಶಗಳಿರುತ್ತವೆ, ಕೆಲಸ ಮಾಡುವುದಿಲ್ಲ.

ಕ್ಯಾಲ್ಸಿಯಂನ ಈ ಏರಿಕೆಯನ್ನು ಕಣ್ಣಿಗೆ ಕಾಣಿಸಿದ್ದು ಹೊಳೆಯುವ ಬಣ್ಣಗಳು. ರೋಜರ್ ಸಿಯೆನ್ ಮತ್ತು ಸಂಗಡಿಗರು 1982ರಲ್ಲಿ ಕ್ವಿನ್-2 ಎಂಬ ಬಣ್ಣ ಬಳಸಿ, ಟಿ ಕೋಶಗಳೂ ಸೇರಿರುವ ಲಿಂಫೋಸೈಟುಗಳ ಈ ಮೊದಲ ಏರಿಕೆಯನ್ನು ಅಳೆದರು. 1985ರಲ್ಲಿ ಫ್ಯೂರಾ-2 ಬಂತು. 340 ಮತ್ತು 380 ನ್ಯಾನೊಮೀಟರ್ ಬೆಳಕನ್ನು ಸರದಿಯಂತೆ ಹಾಯಿಸಿ, ಹೊಳಪಿನ ಅನುಪಾತ ನೋಡಿದರೆ ಒಂದೊಂದೇ ಕೋಶದ ಕ್ಯಾಲ್ಸಿಯಂ ತಿಳಿಯುತ್ತದೆ. ಅದಕ್ಕೂ ಹಿಂದೆ, 1962ರಲ್ಲಿ, ಒಸಾಮು ಶಿಮೊಮುರಾ ಕ್ಯಾಲ್ಸಿಯಂ ತಾಗಿದರೆ ಬೆಳಗುವ ಈಕೊರಿನ್ ಅನ್ನು ಬೇರ್ಪಡಿಸಿದ್ದು ಅಂಬಲಿ ಮೀನಿನಿಂದ. ಬಲೆಗೆ ಬಿದ್ದರೆ ನಮ್ಮ ಮೀನುಗಾರರು ಶಪಿಸುವ ಜೀವಿಗಳ ಬಳಗದ್ದೇ! ಸಿಯೆನ್, ಶಿಮೊಮುರಾ ಇಬ್ಬರಿಗೂ 2008ರಲ್ಲಿ ನೊಬೆಲ್ ಬಂತು, ಆದರೆ ಅದೇ ಜೀವಿಯ, ಹಸಿರಾಗಿ ಹೊಳೆಯುವ ಪ್ರೋಟೀನಿನ ಕೆಲಸಕ್ಕೆ.

ಬಣ್ಣಗಳು ತೋರಿಸುವ ಈ ಚಿತ್ರಗಳನ್ನು ಅತಿಯಾಗಿ ನಂಬಬಾರದು. ಕೋಶ ಎಚ್ಚರಗೊಂಡಿದೆ ಎಂದಷ್ಟೇ ಅವು ಹೇಳುತ್ತವೆ, ಗೆದ್ದಿತೇ ಎಂದಲ್ಲ. ಅದಕ್ಕೆ ರೋಗಿಗಳ ರಕ್ತವನ್ನೇ ನೋಡಬೇಕು. ಮಣಿಪಾಲದ ವೈರಾಣು ಸಂಶೋಧಕರು ಮಂಗನ ಕಾಯಿಲೆಯವರ ಬಿ ಮತ್ತು ಟಿ ಕೋಶಗಳ ಅಧ್ಯಯನವನ್ನು 2020ರಲ್ಲಿ ಪ್ರಕಟಿಸಿದ್ದಾರೆ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆ ನಿಂತುಹೋದ ಮೇಲೆ, ಹೊಸದನ್ನು ಒರೆಗೆ ಹಚ್ಚಲು ಇಂಥ ಕೆಲಸ ಬೇಕೇಬೇಕು.

ಸದ್ಯಕ್ಕೆ, ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ, ಉಣುಗು ದೂರವಿಡುವ ತೈಲ ಹಚ್ಚಿಕೊಳ್ಳಿ. ಜ್ವರ ಬಂದರೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.