ಮೂರು ಗಂಟೆಯ ದಾರಿಗೆ ಮೂರು ದಿನ!

ಮನೆಯವರಿಲ್ಲದೆ ಒಂದು ರಾತ್ರಿಯೂ ಹೊರಗೆ ಉಳಿದವಳಲ್ಲ ನಾನು. "ನಮ್ಮ ಊಟಕ್ಕೇನು ಗತಿ?" ಅಂದರು ಇವರು. ಆದರೂ ಗೆಳತಿಯರು ಐವರು ಮೈಸೂರಿನಿಂದ ಬೆಂಗಳೂರಿಗೆ ನಿಧಾನವಾಗಿ ಹೊರಟೇಬಿಟ್ಟೆವು.

ಮೊದಲ ದಿನ ನಂಜನಗೂಡು: ಕಪಿಲೆಯಲ್ಲಿ ಸ್ನಾನ, ಶ್ರೀಕಂಠೇಶ್ವರನ ದರ್ಶನ. ಮರುದಿನ ಟಿ. ನರಸೀಪುರ: ಕಾವೇರಿ-ಕಪಿಲೆಯರ ಸಂಗಮ, ಕಾಶಿಗಿಂತ ಗುಲಗಂಜಿಯಷ್ಟು ಹೆಚ್ಚೆನ್ನುವ ಗುಂಜಾ ನರಸಿಂಹ. ಮೂರನೆಯ ದಿನ, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸೋಮನಾಥಪುರ ನೋಡಿಕೊಂಡು ಬೆಂಗಳೂರು ಸೇರಿದೆವು.

2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾದಾ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ! ಆಧಾರ್ ಕಾರ್ಡು ಮಾತ್ರ ಮರೆಯಬೇಡಿ. ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ.

ವಾಪಸು ಬಂದರೆ, ಇವರೇ ಮಾಡಿದ ಅನ್ನ-ಸಾರು ಕಾಯುತ್ತಿತ್ತು. ಉಪ್ಪು ಜಾಸ್ತಿ, ಎರಡು ಸಲ ಬಡಿಸಿಕೊಂಡೆ. ನೀವೂ ಒಮ್ಮೆ ಹೊರಡಿ, ಅಕ್ಕಾ!