ಘಾಟಿಯ ವಾಹನಕ್ಕೆ ಡಿಫರೆನ್ಶಿಯಲ್ ಎಣ್ಣೆ ಬದಲಿಸುವುದು ಯಾವಾಗ?

ಬಣ್ಣಾರಿಯಿಂದ ದಿಂಬಂವರೆಗಿನ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ ಎಂಬುದು ತಾಳವಾಡಿ ಸೀಮೆಯ ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ನಮ್ಮ ಕಡೆಯ ಎಲೆಕೋಸಿನ ಮೂಟೆಗಳು ಸತ್ಯಮಂಗಲದ ಕಡೆಗೆ ಇಳಿಯುವುದು ಆ ದಾರಿಯಲ್ಲೇ. ಮದುವೆಗೆ, ಆಸ್ಪತ್ರೆಗೆ, ಕಚೇರಿ ಕೆಲಸಕ್ಕೆ ಹೋಗುವವರು ಇಳಿದು ಹತ್ತುವುದೂ ಅಲ್ಲೇ. ಜೀಪು, ಪಿಕಪ್ಪು, ಲಾರಿಗಳನ್ನು ಇಟ್ಟುಕೊಂಡವರು ಇಂಜಿನ್ನಿನ ಎಣ್ಣೆಯನ್ನು ತಪ್ಪದೆ ಬದಲಿಸುತ್ತಾರೆ, ಟೈರು ಸವೆದರೆ ನೋಡುತ್ತಾರೆ, ಬ್ರೇಕು ಹಿಡಿಯದಿದ್ದರೆ ಗ್ಯಾರೇಜಿಗೆ ಓಡುತ್ತಾರೆ. ಆದರೆ ಹಿಂಗಾಲಿಗಳ ನಡುವೆ ಕುಂಬಳಕಾಯಿಯಂತೆ ತೂಗುವ ಕಬ್ಬಿಣದ ಗುಂಡಿನ ಒಳಗೆ ಏನಿದೆ, ಅದಕ್ಕೆ ಎಣ್ಣೆ ಎಷ್ಟಿದೆ, ಅದನ್ನು ಬದಲಿಸಿ ಎಷ್ಟು ವರ್ಷವಾಯಿತು ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ. ಆ ಗುಂಡಿಗೆ ಡಿಫರೆನ್ಶಿಯಲ್ ಎಂದು ಹೆಸರು. ನಮ್ಮ ಮೆಕ್ಯಾನಿಕರು ಕ್ರೌನ್ ಎಂದೋ ಹೌಸಿಂಗ್ ಎಂದೋ ಕರೆಯುತ್ತಾರೆ.

ಇದರ ಕೆಲಸ ತಿಳಿಯಬೇಕಾದರೆ ಮೊದಲು ಎತ್ತಿನ ಗಾಡಿಯನ್ನು ನೆನೆಯಬೇಕು. ಗಾಡಿಯ ಎರಡು ಗಾಲಿಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಉರುಳುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳುತ್ತದೆ, ಒಳಗಿನದು ಕಡಿಮೆ ಉರುಳುತ್ತದೆ, ಯಾರಿಗೂ ತೊಂದರೆಯಿಲ್ಲ. ಏಕೆಂದರೆ ಅಲ್ಲಿ ಗಾಲಿಯನ್ನು ತಿರುಗಿಸುವವರು ಯಾರೂ ಇಲ್ಲ, ಎತ್ತು ಗಾಡಿಯನ್ನು ಎಳೆಯುತ್ತದೆ ಅಷ್ಟೆ. ಮೋಟಾರಿನಲ್ಲಿ ಹಾಗಲ್ಲ. ಇಂಜಿನ್ನು ಗಾಲಿಗಳನ್ನೇ ತಿರುಗಿಸಬೇಕು. ಎರಡು ಗಾಲಿಗಳನ್ನೂ ಒಂದೇ ಗಟ್ಟಿ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ರಸ್ತೆಯ ಮೇಲೆ ಉಜ್ಜಿಕೊಂಡು ಹೋಗಲೇಬೇಕಾಗುತ್ತದೆ.

ಇಲ್ಲಿ ಗಣಿತದ ಒಂದು ಚಿಕ್ಕ ಲೆಕ್ಕವಿದೆ. ಹಳೆಯ ಜೀಪಿನ ಎರಡು ಹಿಂಗಾಲಿಗಳ ನಡುವಿನ ಅಂತರ ಸುಮಾರು 1.23 ಮೀಟರು. ಒಂದು ತಿರುವನ್ನು ಪೂರ್ತಿ ಅರ್ಧವೃತ್ತವೆಂದು ಇಟ್ಟುಕೊಳ್ಳೋಣ. ಹೊರಗಾಲಿಯ ಅರ್ಧವೃತ್ತದ ಉದ್ದದಿಂದ ಒಳಗಾಲಿಯ ಅರ್ಧವೃತ್ತದ ಉದ್ದವನ್ನು ಕಳೆದರೆ ಉಳಿಯುವುದು 3.14 ಗುಣಿಸು 1.23, ಅಂದರೆ ಸುಮಾರು 3.86 ಮೀಟರು. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಉತ್ತರ ಅಷ್ಟೇ. ತ್ರಿಜ್ಯ ಲೆಕ್ಕದಿಂದ ಬಿಟ್ಟೇ ಹೋಗುತ್ತದೆ. ಹತ್ತನೆಯ ತರಗತಿಯವರು ಕಾಗದದ ಮೇಲೆ ಮಾಡಿ ನೋಡಬಹುದು. 27 ತಿರುವುಗಳನ್ನೂ ಹೀಗೆ ಪೂರ್ಣ ಅರ್ಧವೃತ್ತವೆಂದು ಹಿಡಿದರೆ ಒಂದು ಸಲ ಘಾಟಿ ಇಳಿಯುವಷ್ಟರಲ್ಲಿ ಒಮ್ಮೆ ಎಡಗಾಲಿ, ಒಮ್ಮೆ ಬಲಗಾಲಿ, ಒಟ್ಟು 104 ಮೀಟರಿನಷ್ಟು ಮುಂದೆ ಹಿಂದೆ ಆಗುತ್ತವೆ. ಈ ವ್ಯತ್ಯಾಸವನ್ನು ಸರಿದೂಗಿಸುವುದೇ ಡಿಫರೆನ್ಶಿಯಲ್ಲಿನ ಕೆಲಸ. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬ ಗಡಿಯಾರದ ಕುಶಲಕರ್ಮಿ ಉಗಿಬಂಡಿಗಾಗಿ ಇದಕ್ಕೆ ಪೇಟೆಂಟ್ ಪಡೆದನು. ಪೆಟ್ರೋಲ್ ಕಾರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲೇ ಈ ಉಪಾಯ ಸಿದ್ಧವಾಗಿತ್ತು ಎಂಬುದು ಸೋಜಿಗವೇ ಸರಿ.

ಒಳಗೆ ನಡೆಯುವುದು ಹೀಗೆ. ಇಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿದೆ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಹಳೆಯ ಜೀಪುಗಳಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು. ಅಂದರೆ ಗಾಲಿ ಒಂದು ಸುತ್ತು ತಿರುಗಬೇಕಾದರೆ ಪಿನಿಯನ್ ಐದೂಕಾಲು ಸುತ್ತಿಗಿಂತ ಹೆಚ್ಚು ತಿರುಗಬೇಕು. ಕ್ರೌನಿಗೆ ಬಿಗಿದ ಗೂಡಿನ ಒಳಗೆ ನಾಲ್ಕಾರು ಸಣ್ಣ ಹಲ್ಲುಚಕ್ರಗಳಿವೆ. ಇವು ನೊಗದಂತೆ ಕೆಲಸ ಮಾಡುತ್ತವೆ. ಗಾಡಿ ಎಡಕ್ಕೆ ಹೊರಳುವಾಗ ಎಡದ ಎತ್ತು ಹೆಜ್ಜೆ ಚಿಕ್ಕದು ಮಾಡುತ್ತದೆ, ಬಲದ ಎತ್ತು ಬೀಸಾಗಿ ಹಾಕುತ್ತದೆ, ನೊಗ ಓರೆಯಾಗುತ್ತದೆ; ಆದರೂ ಎರಡರ ಎಳೆತವೂ ಮೂಕಿಗೆ ತಲುಪುತ್ತಲೇ ಇರುತ್ತದೆ. ಹಾಗೆಯೇ ಇಲ್ಲಿ ಗೂಡು 100 ಸುತ್ತು ತಿರುಗುವಾಗ ಒಳಗಾಲಿ 90 ಸುತ್ತು ತಿರುಗಿದರೆ ಹೊರಗಾಲಿ 110 ಸುತ್ತು ತಿರುಗುತ್ತದೆ. ಎರಡರ ಸರಾಸರಿ ಎಂದೂ ತಪ್ಪುವುದಿಲ್ಲ. ಒಂದು ಗಾಲಿ ಕೆಸರಿನಲ್ಲಿ ಹೂತು ಗಿರ್ರನೆ ಸುತ್ತುತ್ತ ಇನ್ನೊಂದು ಸುಮ್ಮನೆ ನಿಂತುಬಿಡುವುದೂ ಇದೇ ನಿಯಮದಿಂದ: ಒಂದಕ್ಕೆ 200, ಇನ್ನೊಂದಕ್ಕೆ ಸೊನ್ನೆ. ಟ್ರ್ಯಾಕ್ಟರಿನಲ್ಲಿ ಇದನ್ನು ತಡೆಯಲೆಂದೇ ಡಿಫರೆನ್ಶಿಯಲ್ ಲಾಕ್ ಎಂಬ ಪೆಡಲು ಇರುತ್ತದೆ.

ಗಾಡಿಯ ಅಚ್ಚಿಗೆ ಹಿರಿಯರು ಕೀಲೆಣ್ಣೆ ಹಚ್ಚುತ್ತಿದ್ದರು. ಇಲ್ಲಿ ಅಂಥ ಎಣ್ಣೆ ಸಾಲದು. ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳು ಒಂದರ ಮೇಲೊಂದು ಬರಿದೆ ಉರುಳುವುದಿಲ್ಲ, ಒತ್ತಿಕೊಂಡು ಜಾರುತ್ತವೆ. 1920ರ ದಶಕದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ ಬಳಕೆಗೆ ಬಂದ ಹೈಪಾಯ್ಡ್ ಜೋಡಣೆಯಲ್ಲಿ ಪಿನಿಯನ್ನನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಇಳಿಸಿರುತ್ತಾರೆ. ಇದರಿಂದ ಶಾಫ್ಟು ತಗ್ಗಿನಲ್ಲಿ ಹೋಗುತ್ತದೆ, ಸದ್ದೂ ಕಡಿಮೆ. ಆದರೆ ಜಾರುವಿಕೆ ಇನ್ನಷ್ಟು ಹೆಚ್ಚು. ಆ ಒತ್ತಡಕ್ಕೆ ಸಾಮಾನ್ಯ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಆದ್ದರಿಂದ ಈ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಬಿಸಿಯಲ್ಲಿ ಅವು ಉಕ್ಕಿನ ಮೇಲ್ಮೈಯೊಡನೆ ಸೇರಿ ಕೂದಲಿಗಿಂತ ಎಷ್ಟೋ ತೆಳುವಾದ ಒಂದು ಪೊರೆಯನ್ನು ಕಟ್ಟುತ್ತವೆ; ಹಲ್ಲಿನ ಬದಲು ಆ ಪೊರೆ ಸವೆಯುತ್ತದೆ. ಗೇರ್ ಎಣ್ಣೆಯ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ಘಾಟು ಈ ಗಂಧಕದ್ದು. ಪೊರೆ ಕಟ್ಟಿ ಕಟ್ಟಿ ಬೆರಕೆಯ ದ್ರವ್ಯ ಖರ್ಚಾಗುತ್ತ ಹೋಗುತ್ತದೆ. ಎಣ್ಣೆ ಹೌಸಿಂಗಿನಲ್ಲಿ ಅಷ್ಟೇ ಇದ್ದರೂ ಅದರ ಗುಣ ಅಷ್ಟೇ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ಸೋರಿಲ್ಲವಲ್ಲ, ಮತ್ತೇಕೆ ಬದಲಿಸಬೇಕು ಎಂದು ಕೇಳುವವರಿಗೆ ಇದೇ ಉತ್ತರ.

ಹಾಗಾದರೆ ಯಾವಾಗ? ಎಲ್ಲಕ್ಕೂ ಮೊದಲ ಪ್ರಮಾಣ ವಾಹನದೊಂದಿಗೆ ಬಂದ ಪುಸ್ತಕ. ವಾಹನದಿಂದ ವಾಹನಕ್ಕೆ ವ್ಯತ್ಯಾಸವಿದೆ. ಸಾಮಾನ್ಯವಾಗಿ 40,000ದಿಂದ 80,000 ಕಿಲೋಮೀಟರಿನ ನಡುವೆ ಎಲ್ಲೋ ಒಂದು ಅಂಕಿ ಇರುತ್ತದೆ. ಹಳೆಯ ಜೀಪುಗಳಿಗೆ ಇದಕ್ಕಿಂತ ಬಹಳ ಕಡಿಮೆ. ಕೆಲವು ಹೊಸ ಕಾರುಗಳಲ್ಲಿ ಈ ಎಣ್ಣೆ ಜೀವಮಾನಕ್ಕೆ ಸಾಕು ಎಂದಿರುತ್ತದೆ. ಯಾರ ಜೀವಮಾನ ಎಂದು ಮಾತ್ರ ಬರೆದಿರುವುದಿಲ್ಲ! 40,000 ಕಿಲೋಮೀಟರು ಎಂದರೆ ಎಷ್ಟು ದುಡಿಮೆ ಎಂದು ನೋಡೋಣ. ಜೀಪಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 450 ಸುತ್ತು ತಿರುಗುತ್ತದೆ. ಅಷ್ಟು ದೂರಕ್ಕೆ ಕ್ರೌನ್ 1 ಕೋಟಿ 80 ಲಕ್ಷ ಸುತ್ತು, ಪಿನಿಯನ್ ಒಂಬತ್ತೂವರೆ ಕೋಟಿಗೂ ಮೀರಿದ ಸುತ್ತು. ಇಷ್ಟಕ್ಕೆಲ್ಲ ಒಳಗಿರುವುದು ಒಂದೂಕಾಲು ಲೀಟರಿನ ಆಸುಪಾಸಿನ ಎಣ್ಣೆ.

ಪುಸ್ತಕದ ಅಂಕಿಯನ್ನು ಕಣ್ಣುಮುಚ್ಚಿ ಹಿಡಿಯಬಾರದೆಂಬುದು ನಮ್ಮ ಅಭಿಪ್ರಾಯ. ಅದೇ ಪುಸ್ತಕದಲ್ಲಿ ಕಠಿಣ ಬಳಕೆ ಎಂಬ ಒಂದು ಸಾಲು ಬೇರೆ ಇರುತ್ತದೆ, ಅದನ್ನು ಓದುವವರು ಕಡಿಮೆ. ಭಾರ ಹೇರಿಕೊಂಡು ಬೆಟ್ಟ ಹತ್ತುವುದು, ಧೂಳು, ನೀರು, ಇವೆಲ್ಲ ಕಠಿಣ ಬಳಕೆಯೇ. ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗಿಬರುವ ಕಾರಿಗೂ ಮೂಟೆ ಹೇರಿಕೊಂಡು ದಿಂಬಂ ಇಳಿದು ಹತ್ತುವ ಪಿಕಪ್ಪಿಗೂ ಮೀಟರು ಒಂದೇ ಅಂಕಿ ತೋರಿಸಬಹುದು, ದುಡಿಮೆ ಒಂದೇ ಅಲ್ಲ. ಏರುವಾಗ ಇಂಜಿನ್ನಿನ ಬಲವೆಲ್ಲ ಹಲ್ಲಿನ ಒಂದು ಮುಖದ ಮೇಲೆ ಬೀಳುತ್ತದೆ. ಸಣ್ಣ ಗೇರಿನಲ್ಲಿ ಹಿಡಿದು ಇಳಿಸುವಾಗ ವಾಹನದ ಭಾರ ಇನ್ನೊಂದು ಮುಖದ ಮೇಲೆ ಬೀಳುತ್ತದೆ. ವೇಗ ಕಡಿಮೆಯಾದ್ದರಿಂದ ತಣಿಸುವ ಗಾಳಿಯೂ ಇಲ್ಲ. ಎಣ್ಣೆಯ ಉಷ್ಣತೆ 10 ಡಿಗ್ರಿ ಏರಿದರೆ ಅದು ಕೆಡುವ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಎಣ್ಣೆಯ ತಜ್ಞರು ಒಪ್ಪಿದ ಸ್ಥೂಲ ಲೆಕ್ಕ. ಆದ್ದರಿಂದ ನಮ್ಮ ಘಾಟಿಯಲ್ಲಿ ದುಡಿಯುವ ವಾಹನಕ್ಕೆ ಪುಸ್ತಕದ ದೂರದ ಅರ್ಧವನ್ನು ಹಿಡಿಯುವುದು ಲೇಸು. ದಿನಕ್ಕೆ 100 ಕಿಲೋಮೀಟರು ಓಡುವ ವಾಹನಕ್ಕೆ 20,000 ಕಿಲೋಮೀಟರು 200 ದಿನಗಳಲ್ಲಿ ಮುಗಿಯುತ್ತದೆ. ಹೊಸ ವಾಹನಕ್ಕೂ, ಕ್ರೌನ್ ಪಿನಿಯನ್ ಹೊಸದಾಗಿ ಹಾಕಿಸಿದ ವಾಹನಕ್ಕೂ ಮೊದಲ ಬದಲಾವಣೆ ಇನ್ನೂ ಬೇಗ ಆಗಬೇಕು. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉಕ್ಕಿನ ಪುಡಿ ಉದುರಿ ಎಣ್ಣೆಯಲ್ಲಿ ಸೇರುತ್ತದೆ.

ಮಳೆಗಾಲದ ಹಳ್ಳಗಳ ವಿಷಯ ಬೇರೆಯೇ. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಹೀರುತ್ತದೆ. ಬಿಸಿಮಾಡಿದ ಸೀಸೆಯನ್ನು ನೀರಿನಲ್ಲಿ ಬೋರಲು ಹಾಕಿ ತೋರಿಸುವ ಪ್ರಯೋಗವೇ ಇದು. ಹೀರಿದ್ದು ನೀರಾದರೆ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಆಗುತ್ತದೆ. ಅಂಥ ಎಣ್ಣೆ ಕಂಡರೆ ಮೀಟರು ನೋಡುತ್ತ ಕೂರಬಾರದು, ಅಂದೇ ತೆಗೆಸಬೇಕು. ನೀರು ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ.

ಈಗ ಪೋಷಕರು ವಿಶೇಷವಾಗಿ ಗಮನಿಸಬೇಕಾದ ಮಾತು. ಡಿಫರೆನ್ಶಿಯಲ್ ಎಣ್ಣೆಗೂ ಬ್ರೇಕಿಗೂ ಸಂಬಂಧವಿದೆ. ಹೌಸಿಂಗಿನ ಮೇಲೆ ಗಾಳಿ ಹೋಗಿಬರಲು ಬ್ರೀದರ್ ಎಂಬ ಸಣ್ಣ ಕಿಂಡಿಯಿದೆ. ಕೆಸರು ಮೆತ್ತಿ ಅದು ಮುಚ್ಚಿಹೋದರೆ ಬಿಸಿಯಾದ ಗಾಳಿಗೆ ದಾರಿ ಸಿಗದೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲುಗಳ ಮೂಲಕ ಹೊರದಬ್ಬುತ್ತದೆ. ಅಳತೆ ಮೀರಿ ಎಣ್ಣೆ ತುಂಬಿದರೂ, ಸೀಲು ಸವೆದಿದ್ದರೂ ಹೀಗೆಯೇ. ಎಣ್ಣೆ ಅಚ್ಚಿನ ಕೊಳವೆಯಲ್ಲಿ ಹರಿದು ಗಾಲಿಯ ತುದಿಗೆ ಬಂದು ಬ್ರೇಕ್ ಶೂಗಳ ಮೇಲೆ ಹರಡುತ್ತದೆ. ಎಣ್ಣೆ ಹೀರಿದ ಶೂ ಹಿಡಿಯುವುದಿಲ್ಲ. ಸಮನೆಲದಲ್ಲಿ ಇದು ಬೇಗ ಗೊತ್ತಾಗದೆ ಇರಬಹುದು. ಇಳಿಜಾರಿನಲ್ಲಿ ತುಂಬಿದ ಜೀಪು ತಿರುವಿಗೆ ಬಂದಾಗಲೇ ಗೊತ್ತಾಗುತ್ತದೆ. ಆದುದರಿಂದ ಹಿಂಗಾಲಿಯ ಒಳಮುಖದಲ್ಲಿ ಎಣ್ಣೆಯ ಕಲೆ, ಅದಕ್ಕೆ ಮೆತ್ತಿದ ಕಪ್ಪು ಧೂಳು ಕಂಡರೆ ಆ ವಾಹನವನ್ನು ಘಾಟಿಗೆ ಇಳಿಸಬಾರದು. ಇದನ್ನು ನೋಡಲು ಮೆಕ್ಯಾನಿಕನೇ ಬೇಕೆಂದಿಲ್ಲ. ಜೀಪು ನಿಂತಾಗ ಬಗ್ಗಿ ನೋಡಿದರೆ ಏಳನೆಯ ತರಗತಿಯ ಹುಡುಗಿಯೂ ಹೇಳಬಲ್ಲಳು.

ಕಿವಿಗೂ ಸ್ವಲ್ಪ ಕೆಲಸ ಕೊಡಬಹುದು. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆಯ, ಬಿಟ್ಟಾಗ ಇನ್ನೊಂದು ಬಗೆಯ ಗುಂಯ್ ಎಂಬ ಸದ್ದು ಹಿಂದಿನಿಂದ ಬಂದರೆ ಕ್ರೌನ್ ಪಿನಿಯನ್ನಿನ ಕಡೆ ಸಂಶಯಪಡಬೇಕು. ಆ ಹಂತಕ್ಕೆ ಬಂದ ಮೇಲೆ ಹೊಸ ಎಣ್ಣೆಯಿಂದ ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಬದಲಿಸುವ ಕ್ರಮದಲ್ಲಿ ಒಂದೆರಡು ಸೂಕ್ಷ್ಮಗಳಿವೆ. ವಾಹನ ಸ್ವಲ್ಪ ಓಡಿ ಎಣ್ಣೆ ಬೆಚ್ಚಗಿರುವಾಗ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಈ ಕೆಲಸ ಮಾಡಬೇಕು. ಬರಿಯ ಜ್ಯಾಕಿನ ಮೇಲೆ ನಿಂತ ವಾಹನದ ಅಡಿಗೆ ಯಾರೂ ನುಸುಳಕೂಡದು. ಕೆಳಗಿನ ಬಿರಡೆಗಿಂತ ಮೊದಲು ಮೇಲಿನ ಬಿರಡೆಯನ್ನು ಬಿಚ್ಚಬೇಕು. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ದರೆ ಖಾಲಿ ಹೌಸಿಂಗಿನ ವಾಹನವನ್ನು ಎಲ್ಲಿಗೂ ಒಯ್ಯಲಾಗದು. ಬಿರಡೆಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಹೆದರಬೇಕಾಗಿಲ್ಲ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕಿದರೆ ಮಾತ್ರ ಬಿಚ್ಚಿಸಿ ನೋಡಿಸಬೇಕು. ಹೊಸ ಎಣ್ಣೆಯನ್ನು ಸಾಮಾನ್ಯವಾಗಿ ಮೇಲಿನ ರಂಧ್ರದ ಕೆಳಅಂಚಿಗೆ ಬರುವವರೆಗೆ ತುಂಬುತ್ತಾರೆ. ಕಿರುಬೆರಳು ಹಾಕಿದರೆ ಎಣ್ಣೆ ತಾಗಬೇಕು.

ಡಬ್ಬಿಯ ಮೇಲೆ 90 ಅಥವಾ 80ಡಬ್ಲ್ಯು-90 ಎಂಬ ಅಂಕಿಯನ್ನು ಕಂಡು ಇದು ಇಂಜಿನ್ ಎಣ್ಣೆಗಿಂತ ಎರಡರಷ್ಟು ಮಂದ ಎಂದು ತಿಳಿಯುವವರಿದ್ದಾರೆ. ಗೇರ್ ಎಣ್ಣೆಯ ಅಳತೆಗೋಲೇ ಬೇರೆ. ಅದರ 90 ಎಂದರೆ ಇಂಜಿನ್ ಎಣ್ಣೆಯ 40 ಅಥವಾ 50ರ ಸಮೀಪದ ಮಂದತನ. ಹೈಪಾಯ್ಡ್ ಹಲ್ಲುಗಳಿಗೆ ಹೆಚ್ಚಾಗಿ ಜಿಎಲ್-5 ದರ್ಜೆಯನ್ನು ಹೇಳಿರುತ್ತಾರೆ. ಅದನ್ನೇ ಗೇರ್‌ಬಾಕ್ಸಿಗೂ ಸುರಿಯಬಾರದು. ಅಲ್ಲಿ ಜಿಎಲ್-4 ಎಂದಿದ್ದರೆ ಜಿಎಲ್-4ನ್ನೇ ಹಾಕಬೇಕು. ಒಳಗಿನ ಹಿತ್ತಾಳೆ, ಕಂಚಿನ ಭಾಗಗಳಿಗೆ ಹೆಚ್ಚು ಗಂಧಕ ಒಗ್ಗದಿರಬಹುದು.

ಮಾರುತಿ 800ರಂತೆ ಮುಂಗಾಲಿಗಳಿಂದ ಓಡುವ ಕಾರುಗಳಲ್ಲಿ ಹಿಂದೆ ಗುಂಡು ಇರುವುದಿಲ್ಲ. ಅವುಗಳ ಡಿಫರೆನ್ಶಿಯಲ್ ಗೇರ್‌ಬಾಕ್ಸಿನ ಒಳಗೇ ಇದೆ, ಎರಡಕ್ಕೂ ಸಾಮಾನ್ಯವಾಗಿ ಒಂದೇ ಎಣ್ಣೆ. ಓಮ್ನಿಗೆ ಹಿಂದೆ ಪ್ರತ್ಯೇಕವಾಗಿದೆ. ನಾಲ್ಕು ಗಾಲಿಗೂ ಬಲ ಕೊಡುವ ಜೀಪಿನಲ್ಲಿ ಹಿಂದೊಂದು ಮುಂದೊಂದು ಹೀಗೆ ಎರಡು ಇವೆ. ಹಿಂದಿನದನ್ನು ಬದಲಿಸಿ ಮುಂದಿನದನ್ನು ಮರೆಯುವುದು ಬಹಳ ಕಡೆ ನಡೆಯುತ್ತದೆ. ವಿದ್ಯುತ್ತಿನಿಂದ ಓಡುವ ಕಾರಿನಲ್ಲೂ ಡಿಫರೆನ್ಶಿಯಲ್ ಇದೆ, ಅದಕ್ಕೂ ಎಣ್ಣೆ ಬೇಕು.

ತೆಗೆದ ಎಣ್ಣೆಯನ್ನು ಹೊಲದ ಬದುವಿಗೆ, ಹಳ್ಳಕ್ಕೆ, ಬಾವಿಯ ಬಳಿಗೆ ಚೆಲ್ಲಬಾರದು. ಗೆದ್ದಲಿಗೆಂದು ಬೇಲಿಕಂಬಕ್ಕೆ ಬಳಿಯುವ ರೂಢಿಯೂ ಒಳ್ಳೆಯದಲ್ಲ. ಮಳೆಗೆ ತೊಳೆದು ಅದೂ ಮಣ್ಣಿಗೇ ಸೇರುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಹಳೆಯ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಬಹುದು. ಬದಲಿಸಿದ ದಿನಾಂಕ ಮತ್ತು ಮೀಟರಿನ ಅಂಕಿಯನ್ನು ಬಾನೆಟ್ಟಿನ ಒಳಮುಖದಲ್ಲಿ ಬಣ್ಣದಿಂದ ಬರೆದಿಟ್ಟರೆ, ಡ್ರೈವರು ಬದಲಾದರೂ ಲೆಕ್ಕ ವಾಹನದಲ್ಲೇ ಉಳಿಯುತ್ತದೆ.