ಮನುಷ್ಯರ ಕರುಳಿನ ಪಾಠ ಕಲಿಸಿದ್ದು ಹಸುವಿನ ಹೊಟ್ಟೆ

ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆ ಮೊಸರು. ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ ಸ್ವಲ್ಪ ಗಾಳಿ ತಾಗಿದರೂ ತೊಂದರೆಯಿಲ್ಲ. ನಮ್ಮ ದೊಡ್ಡ ಕರುಳಿನಲ್ಲಿರುವ ಹೆಚ್ಚಿನ ಬ್ಯಾಕ್ಟೀರಿಯಾಗಳು ಹಾಗಲ್ಲ. ಅವಕ್ಕೆ ಆಮ್ಲಜನಕವೇ ವಿಷ, ಹೊರಗೆ ತೆಗೆದರೆ ಸಾಯುತ್ತವೆ. ಹಾಗಿದ್ದರೆ ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದು ಹೇಗೆ? ಬಹಳ ಕಾಲ ಗಾಳಿಯಲ್ಲೂ ಬದುಕುವ ಇ. ಕೊಲೈನಂಥವೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತಿದ್ದವು. ಕರುಳಿನಲ್ಲಿ ಅವುಗಳ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ!

ಈ ಗಂಟು ಬಿಡಿಸಿದವರು ಅಮೆರಿಕದ ರಾಬರ್ಟ್ ಹಂಗೇಟ್. ಮರ ತಿಂದು ಅರಗಿಸಿಕೊಳ್ಳುವ ಗೆದ್ದಲಿನ ಗುಟ್ಟು ಹುಡುಕುತ್ತಿದ್ದ ಅವರು ಆಮೇಲೆ ಹಸುವಿನ ಕಡೆ ತಿರುಗಿದರು. ಹುಲ್ಲಿನ ನಾರನ್ನು ಕರಗಿಸುವುದು ಹಸುವಲ್ಲ, ಅದರ ಮೆಲುಕು ಚೀಲದ ಸೂಕ್ಷ್ಮಾಣುಗಳು. ಅಲ್ಲಿನ ಒಂದು ಮಿಲಿ ಲೀಟರ್ ರಸದಲ್ಲಿ ಸುಮಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಅವಕ್ಕೂ ಆಮ್ಲಜನಕ ಆಗದು. ಹಂಗೇಟ್ ಗಾಜಿನ ಕೊಳವೆಯಿಂದ ಗಾಳಿ ಓಡಿಸಿ ಇಂಗಾಲದ ಡೈಆಕ್ಸೈಡ್ ತುಂಬಿದರು. ಅದರಲ್ಲಿ ಉಳಿದ ಚೂರುಪಾರು ಆಮ್ಲಜನಕವೂ ಬೇಡವೆಂದು, ಮೊದಲೇ ಅದನ್ನು ಕಾದ ತಾಮ್ರದ ಮೇಲೆ ಹಾಯಿಸಿದರು. ಕರಗಿಸಿದ ಅಗರ್ (ನಾವು ಸಿಹಿತಿಂಡಿಗೆ ಬಳಸುವ ಚೈನಾ ಗ್ರಾಸ್ ಇದೇ) ಜೊತೆ ಮೆಲುಕು ಚೀಲದ ರಸ ಬೆರೆಸಿ, ರಬ್ಬರ್ ಬಿರಡೆ ಬಿಗಿದು, ಕೊಳವೆಯನ್ನು ಉರುಳಿಸಿದರು. ಒಳಗೋಡೆಗೆ ತೆಳುವಾಗಿ ಹರಡಿ ಗಟ್ಟಿಯಾದ ಆ ಪದರದಲ್ಲಿ ಬ್ಯಾಕ್ಟೀರಿಯಾಗಳು ಬೆಳೆದವು. 1970ರ ದಶಕದಲ್ಲಿ ವರ್ಜೀನಿಯಾದ ಮೂರ್ ಮತ್ತು ಲಿಲಿಯನ್ ಹೋಲ್ಡ್‌ಮನ್ ಇದೇ ದಾರಿ ಹಿಡಿದು ಮನುಷ್ಯರ ಮಲದಿಂದ ನೂರಕ್ಕೂ ಹೆಚ್ಚು ಬಗೆಯವನ್ನು ಬೇರ್ಪಡಿಸಿದರು.

ಹಂಗೇಟ್ ಪಾಠ ಮಾಡಿದ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲೇ ಮುಂದೆ ತಾಯಿಹಾಲಿನ ಸಂಶೋಧನೆ ನಡೆಯಿತು. ತಾಯಿಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಜಿಡ್ಡು ಬಿಟ್ಟರೆ ಅತಿ ಹೆಚ್ಚಾಗಿರುವುದು ಒಂದು ಜಾತಿಯ ಸಂಕೀರ್ಣ ಸಕ್ಕರೆ. ಮಗುವಿಗೆ ಅದು ಜೀರ್ಣವೇ ಆಗುವುದಿಲ್ಲ. ಮತ್ತೆ ಯಾರಿಗಾಗಿ? ಮಗುವಿನ ಕರುಳಿನ ಬಿಫಿಡೊಬ್ಯಾಕ್ಟೀರಿಯಾಕ್ಕೆ. ಅದರ ಒಂದು ತಳಿಯ ವಂಶವಾಹಿಗಳನ್ನು 2008ರಲ್ಲಿ ಓದಿದಾಗ, ಈ ಸಕ್ಕರೆ ಒಡೆಯಲು ಬೇಕಾದ ಸರಂಜಾಮೆಲ್ಲ ಅಲ್ಲಿತ್ತು. ಹಸುವಿನ ಹಾಲಿನಲ್ಲಿ ಈ ಸಕ್ಕರೆ ತೀರಾ ಕಡಿಮೆ. ನಾವು ಹಾಲು ಮಾರುವವರೇ, ಆದರೂ ಹೇಳಲೇಬೇಕು: ಮೊದಲ ಆರು ತಿಂಗಳು ಕಂದನಿಗೆ ತಾಯಿಹಾಲು ಮಾತ್ರ.

ಇನ್ನು ಕೊಟ್ಟಿಗೆಗೆ ಬರೋಣ. ಮದುವೆ, ಜಾತ್ರೆಯಲ್ಲಿ ಉಳಿದ ಅನ್ನ ಹಾಳಾಗುತ್ತದಲ್ಲ ಎಂದು ಬಕೆಟ್‌ಗಟ್ಟಲೆ ಹಸುವಿನ ಮುಂದೆ ಸುರಿಯುವುದುಂಟು. ಆಗ ಪಿಷ್ಟ ತಿನ್ನುವ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿ, ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲವೇ ಮೆಲುಕು ಚೀಲದಲ್ಲಿ ತುಂಬಿಕೊಳ್ಳುತ್ತದೆ. ನಾರು ಕರಗಿಸುವವು ಸಾಯುತ್ತವೆ. ಮೆಲುಕು ನಿಲ್ಲುತ್ತದೆ, ಭೇದಿ ಶುರುವಾಗುತ್ತದೆ, ರಾಸು ಮಲಗಿಬಿಟ್ಟರೆ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಕೆಲವೊಮ್ಮೆ ಪಶುವೈದ್ಯರು ಆರೋಗ್ಯವಂತ ಹಸುವಿನ ಮೆಲುಕು ಚೀಲದ ರಸವನ್ನು ಇಂಥ ರಾಸಿಗೆ ಕುಡಿಸಿ ಆ ಸಂಸಾರವನ್ನು ಮತ್ತೆ ಹೂಡುತ್ತಾರೆ.

ಮೇವು, ಹಿಂಡಿ ಬದಲಿಸುವುದಿದ್ದರೂ ಅಷ್ಟೆ. ಹಳೆಯದರ ಜೊತೆ ಹೊಸದನ್ನು ದಿನಕ್ಕಿಷ್ಟು ಸೇರಿಸುತ್ತಾ 10–15 ದಿನ ತೆಗೆದುಕೊಳ್ಳಿ. ರಾಸು ಅನ್ನದ ಪಾತ್ರೆಗೆ ಬಾಯಿ ಹಾಕಿ ಹೆಚ್ಚು ತಿಂದಿದೆಯೆಂದು ಗೊತ್ತಾದರೆ ಮೆಲುಕು ನಿಲ್ಲುವ ತನಕ ಕಾಯಬೇಡಿ. ಎಷ್ಟು ತಿಂದಿತು, ಯಾವ ಹೊತ್ತಿಗೆ ಎಂದು ಪಶುವೈದ್ಯರಿಗೆ ಕೂಡಲೇ ತಿಳಿಸಿ. ಅವರು ಬರುವವರೆಗೆ ಒಣಹುಲ್ಲು ಬಿಟ್ಟು ಬೇರೇನೂ ತಿನ್ನಿಸಬೇಡಿ.